ಕರೆಂಟ್ ಹೋದಾಗ ಗಂಡಸರು ಎಲ್ಲಿಗೆ ಹೋಗುತ್ತಿದ್ದರು

ಕುಡಿತ ತಡೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ ಆಂಟಿ ಎನ್ನುತ್ತಾರೆ. ಅವರು ಕಾಫಿ ಕುಡಿದು ಏಳುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಅದಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಕೈ ಇರುವ ಕುರ್ಚಿ ಯಾವಾಗ ಬಂತು ಎಂಬುದೆಲ್ಲ ಇದರಲ್ಲಿ ಇಲ್ಲ. ಕುರ್ಚಿ ಬಂದ ಮೇಲೆ ಸೊಂಟನೋವೂ ಬಂತು. ಅಷ್ಟು ತಿಳಿದಿದ್ದರೆ ಸಾಕು.

ನಾನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯ ಗೃಹಿಣಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕುಡಿತ ಬಿಡಿಸುವ ಒಂದು ಸಂಸ್ಥೆಯವರು ನಮ್ಮ ಬೀದಿಯ ಹಿಂದೆ ಕೋಣೆ ಬಾಡಿಗೆಗೆ ಹಿಡಿದರು. ಓದು ಬರಹ ಬಲ್ಲ, ಎಲ್ಲರ ಮನೆಯೊಳಗೂ ಹೋಗಿಬರಬಲ್ಲ ಹೆಂಗಸು ಬೇಕು ಎಂದರು. ಶುಕ್ರವಾರದ ಅರಿಶಿನ ಕುಂಕುಮಕ್ಕೆ ನಾನು ಎಲ್ಲರ ಮನೆಗೂ ಹೋಗುತ್ತಿದ್ದುದರಿಂದ ಬೀದಿಯವರು ನನ್ನ ಹೆಸರು ಹೇಳಿದರು. ನಮ್ಮ ಯಜಮಾನರು ಸೀರೆ ಅಂಗಡಿಯಲ್ಲಿ ಗುಮಾಸ್ತರು. ಒಂದು ರಾತ್ರಿಯೆಲ್ಲ ಯೋಚನೆ ಮಾಡಿ, "ಪೂಜೆ, ಅಡುಗೆ ಆದ್ಮೇಲೆ ಏನಾದ್ರೂ ಮಾಡ್ಕೋ. ಸಾರಾಯಿ ಅಂಗ್ಡಿ ಮುಂದೆ ಮಾತ್ರ ನಿಂತ್ಕೋಬೇಡ" ಎಂದರು. ಮುಂದಿನ ವರ್ಷಗಳಲ್ಲಿ ನಾನು ಹೆಚ್ಚಾಗಿ ಅಲ್ಲೇ ನಿಂತಿದ್ದೆ. ಅವರು ಬೇರೆ ದಾರಿಯಲ್ಲಿ ಕೆಲಸಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡರು. ಜಗಳವಾಗಲಿಲ್ಲ. ಅದು ತಾಯಿ ಚೌಡೇಶ್ವರಿ ಮಾಡಿದ ಉಪಕಾರ ಎಂದೇ ನಾನು ತಿಳಿದಿದ್ದೇನೆ.

ನಮ್ಮ ಮೊದಲ ಸಾಹೇಬರಿಗೆ ಭಾಷಣದಲ್ಲಿ ಬಹಳ ನಂಬಿಕೆ. ತಲೆಬುರುಡೆಯ ಚಿತ್ರ, ಕೊಳೆತ ಲಿವರಿನ ಚಿತ್ರ, ಬೀದಿನಾಟಕ. ಕಾರ್ಯಕ್ರಮ ಮುಗಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಜನ ಎಷ್ಟು ಸೇರಿದ್ದರು? ಜನಕ್ಕೇನೂ ಕೊರತೆಯಿರಲಿಲ್ಲ. ನಮ್ಮ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದವರೇ ಕುಡಿಯುವವರು. ಪಕ್ಕದ ಮಧುರೆ ಕಡೆಯಿಂದ ಬಂದಿದ್ದ ಒಬ್ಬ ನಾಟಕ ಮುಗಿದ ಮೇಲೆ ನನ್ನ ಹತ್ತಿರ ಬಂದು, ಕುಡುಕನ ಪಾರ್ಟು ಸರಿಯಾಗಿ ಬರಲಿಲ್ಲ, ಕುಡಿದವನು ಹಾಗೆ ತೂರಾಡುವುದಿಲ್ಲ, ಬೇಕಾದರೆ ತಾನು ಮಾಡಿ ತೋರಿಸುತ್ತೇನೆ ಎಂದು ಕಳಕಳಿಯಿಂದ ಹೇಳಿದ. ಸಾಹೇಬರು ಅದನ್ನು ಜನರ ಸಹಭಾಗಿತ್ವ ಎಂದು ವರದಿಯಲ್ಲಿ ಬರೆದರು.

ಆ ಸಾಹೇಬರು ವರ್ಗವಾಗಿ ಹೋದರು. ಅವರ ಜಾಗಕ್ಕೆ ರಾಮರಾಯರು ಬಂದರು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದು ನಿವೃತ್ತರಾದವರು. ಒಂದು ಸಾಮಾನು ಕೆಟ್ಟು ಬಂದರೆ ಕೆಲಸಗಾರನನ್ನು ಬಯ್ಯುವ ಬದಲು ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ಹುಡುಕಬೇಕು, ಒಂದು ಸಣ್ಣ ಬದಲಾವಣೆ ಮಾಡಿ ನೋಡಬೇಕು, ಸರಿಹೋಗದಿದ್ದರೆ ಇನ್ನೊಂದು ಮಾಡಬೇಕು. ಇದು ಅವರ ಶಾಸ್ತ್ರ. ಗಂಡಸರೇನು ಬೋಲ್ಟು ನಟ್ಟೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೇಳಲಿಲ್ಲ. ಸಂಬಳ ಕೊಡುವವರು.

ಮೊದಲ ವಾರವೇ ಮೀನಿನ ಮುಳ್ಳಿನ ಚಿತ್ರ ಬರೆಯಿರಿ ಎಂದರು. ತಲೆಯ ಕಡೆ ತೊಂದರೆ ಬರೆದು ಒಂದೊಂದು ಮುಳ್ಳಿಗೆ ಒಂದೊಂದು ಕಾರಣ ಬರೆಯಬೇಕಂತೆ. ಅವತ್ತು ಶನಿವಾರ, ನಾನು ಒಪ್ಪೊತ್ತು. ಮೀನು ಬರೆಯಲು ಕೈ ಬರಲಿಲ್ಲ. ಬಾಳೆಲೆ ಬರೆದೆ. ನಡುವೆ ದಂಟು, ಎರಡೂ ಕಡೆ ನರ. ರಾಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೂ ನಡೆಯುತ್ತಮ್ಮ. ಕಾರಣ ಬರೀರಿ" ಎಂದರು. ನಾನು ಹಣೆಬರಹ, ಸಹವಾಸ, ಮೈಕೈ ನೋವು ಎಂದು ಬರೆದೆ. ಹಣೆಬರಹವನ್ನು ಅವರು ಹೊಡೆದು ಹಾಕಿದರು. ಅದು ನಮ್ಮ ಕೈಯಲ್ಲಿಲ್ಲ, ಕೈಯಲ್ಲಿರುವುದನ್ನು ಬರೆಯಿರಿ ಎಂದರು.

ಆ ಹೊತ್ತಿಗೇ ಗಿರಿಜಾ ನನ್ನ ಹತ್ತಿರ ಬಂದಳು. ಅವಳ ಗಂಡ ನಂಜುಂಡ, ರುದ್ರಪ್ಪನವರ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಒಳ್ಳೆಯ ಕೆಲಸಗಾರ. ಶೆಡ್ಡಿನ ಹಿಂದಿನ ಒಂದೇ ಕೋಣೆ ಅವರ ಮನೆ, ಅದೂ ರುದ್ರಪ್ಪನವರದೇ. ಕುಡಿದ ಕೈಯಲ್ಲಿ ಎರಡು ಸಲ ಸೀರೆಯ ಅಂಚು ಕೆಡಿಸಿದ್ದ. ಪಕ್ಕದ ಮಗ್ಗದವನೊಬ್ಬ ಹೀಗೇ ಕುಡಿದು ಬೆರಳು ಜಜ್ಜಿಕೊಂಡಿದ್ದ. ರುದ್ರಪ್ಪನವರು ಬೈಗುಳವಿಲ್ಲದೆ, ತಣ್ಣಗೆ ಹೇಳಿಬಿಟ್ಟಿದ್ದರು: ಇನ್ನೊಂದು ಸಲ ಕುಡಿದು ಬಂದರೆ ಮಗ್ಗವೂ ಇಲ್ಲ, ಮನೆಯೂ ಇಲ್ಲ. ಗಿರಿಜಾಳ ತವರು ಹಿಂದೂಪುರದ ಕಡೆ. ಅಲ್ಲಿ ಅಣ್ಣಂದಿರ ಮದುವೆಯಾಗಿ, ಅವಳು ಹೋಗಿ ಮಲಗುವಷ್ಟು ಜಾಗವೂ ಉಳಿದಿರಲಿಲ್ಲ.

"ಅಕ್ಕ, ನಿಮ್ ನಾಟ್ಕ ಬ್ಯಾಡ," ಎಂದಳು. "ಅವ್ರು ದೇವ್ರಂಥೋರು ಆಗೋದೂ ಬ್ಯಾಡ. ಮಗ್ಗದಲ್ಲಿ ಉಳ್ಕೊಂಡ್ರೆ ಸಾಕು."

ನಾನು ಇದನ್ನು ರಾಯರಿಗೆ ಹೇಳಿದೆ. ಇಷ್ಟು ಸ್ಪಷ್ಟವಾದ ಗುರಿಯನ್ನು ನಮ್ಮ ಮೇಲಿನವರೂ ಕೊಟ್ಟಿಲ್ಲ ಎಂದರು. ಬೀದಿಯೆಲ್ಲ ಬೇಡ, ಆ ಒಂದು ಶೆಡ್ಡಿನಿಂದ ಶುರುಮಾಡೋಣ, ಕೆಲಸದ ಹೊತ್ತಿನ ಕುಡಿತ ಒಂದನ್ನೇ ನೋಡೋಣ ಎಂದು ತೀರ್ಮಾನವಾಯಿತು.

ನೋಡುವುದೆಂದರೆ ಅಳೆಯಬೇಕು. ಅಳೆಯಲು ಯಂತ್ರವಿಲ್ಲ. ನನ್ನ ಮೂಗೇ ಯಂತ್ರ. ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಊಟ ಆಯ್ತೇನಪ್ಪ ಎಂದು ಕೇಳುತ್ತಿದ್ದೆ. ಬಾಯಿ ತೆರೆದರೆ ಗೊತ್ತಾಗುತ್ತಿತ್ತು. ಕೆಲವೇ ದಿನದಲ್ಲಿ ಅವರಿಗೂ ಗೊತ್ತಾಯಿತು. ಕುಡಿದವರು ತಲೆಯಾಡಿಸಿ ಒಳಗೆ ಹೋಗಲು ಶುರುಮಾಡಿದರು. ಆಮೇಲೆ ತಲೆಯಾಡಿಸಿದವರನ್ನೆಲ್ಲ ಕುಡಿದವರೆಂದು ಗುರುತು ಹಾಕಿದೆ. ಅದರಲ್ಲಿ ಒಬ್ಬನಿಗೆ ಹಲ್ಲುನೋವಿತ್ತು. ಅವನ ಹೆಂಡತಿ ಬಂದು ನನ್ನ ಜೊತೆ ಮಾತು ಬಿಟ್ಟಳು. ಗುರುತನ್ನು ಶೆಡ್ಡಿನ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತಿದ್ದೆವು. ಕುಡಿಯದ ದಿನಕ್ಕೆ ಚುಕ್ಕೆ, ಕುಡಿದ ದಿನಕ್ಕೆ ಕತ್ತರಿ ಗುರುತು. ಹೆಸರು ಬರೆಯುತ್ತಿರಲಿಲ್ಲ. ಆದರೂ ಯಾವ ಗುರುತು ಯಾರದೆಂದು ಬೀದಿಗೆಲ್ಲ ಗೊತ್ತಿತ್ತು.

ಮೊದಲ ಬದಲಾವಣೆ ನನ್ನದೇ ಸಲಹೆ. ಕಾರ್ತಿಕ ಮಾಸದಲ್ಲಿ ದೇವಸ್ಥಾನದಲ್ಲಿ ಎಲ್ಲರ ಕೈಗೂ ಅರಿಶಿನದ ದಾರ ಕಟ್ಟಿಸಿ ಆಣೆ ಮಾಡಿಸಿದೆ. ಸ್ವಲ್ಪ ದಿನಕ್ಕೇ ಗೋಡೆಯ ಮೇಲೆ ಚುಕ್ಕೆಗಳು ಹೆಚ್ಚಾದವು. ಮಾರ್ಗಶಿರ ಬರುವಷ್ಟರಲ್ಲಿ ಕತ್ತರಿ ಗುರುತು ಹುಡುಕಿದರೂ ಇಲ್ಲ. ನಂಜುಂಡನ ಸಾಲು ರಂಗೋಲಿಗೆ ಚುಕ್ಕಿ ಇಟ್ಟ ಹಾಗಿತ್ತು. ಬೆಂಗಳೂರಿನಿಂದ ಮೇಲಿನವರು ಕಾರಿನಲ್ಲಿ ಬಂದರು. ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೈಸೂರುಪಾಕು ಹಂಚಿದರು. ನನಗೆ ಒಂದು ಶಾಲು ಹೊದಿಸಿದರು.

ಸಂಕ್ರಾಂತಿ ಕಳೆದ ವಾರ ಗೋಡೆಯೆಲ್ಲ ಕತ್ತರಿ.

ಆಗಿದ್ದು ಇಷ್ಟೇ. ಶೆಡ್ಡಿನ ಗಂಡಸರು ಅಯ್ಯಪ್ಪನ ಮಾಲೆ ಹಾಕಿದ್ದರು. ಕಪ್ಪು ಬಟ್ಟೆ, ತಣ್ಣೀರು ಸ್ನಾನ, ಬಾಯಲ್ಲಿ ಸ್ವಾಮಿ ಶರಣಂ. ಶಬರಿಮಲೆಗೆ ಹೋಗಿಬಂದು ಮಾಲೆ ಬಿಚ್ಚಿದರು. ಅಂದೇ ಸಾರಾಯಿ ಅಂಗಡಿಯ ಬೆಂಚು ತುಂಬಿತು. ಅವರು ಕಪ್ಪು ಬಟ್ಟೆಯಲ್ಲಿ ಓಡಾಡುವುದನ್ನು ನಾನೂ ರಾಯರೂ ಪ್ರತಿದಿನ ನೋಡಿದ್ದೆವು, ನಮಸ್ಕಾರವನ್ನೂ ಮಾಡಿದ್ದೆವು. ಆದರೂ ಅಯ್ಯಪ್ಪ ಮಾಡಿದ ಕೆಲಸವನ್ನು ಸಂಸ್ಥೆಯ ಹೆಸರಿನಲ್ಲಿ ಬರೆದುಕೊಂಡಿದ್ದೆವು. ಶಾಲು ವಾಪಸು ಕೊಡಬೇಕೇ ಎಂದು ರಾಯರನ್ನು ಕೇಳಿದೆ. ಚಳಿ ಇದೆ, ಇಟ್ಟುಕೊಳ್ಳಿ ಎಂದರು.

ಹೊಸಬರು ಇದನ್ನು ನೆನಪಿಡಬೇಕು. ಒಳ್ಳೆಯದಾದರೆ ಮೊದಲು ಪಂಚಾಂಗ ನೋಡಿ, ಆಮೇಲೆ ಬೆನ್ನು ತಟ್ಟಿಕೊಳ್ಳಿ.

ಮಾಲೆ ಬಿಚ್ಚಿದ ಮೇಲೆ ನಂಜುಂಡ ಒಂದು ದಿನ ವಾಸನೆ ಹೊತ್ತು ಶೆಡ್ಡಿಗೆ ಬಂದ. ರುದ್ರಪ್ಪನವರು ಮಲೆಗೆ ಹೋಗಿಬಂದವನು ಎಂಬ ಕಾರಣಕ್ಕೆ ಅವತ್ತು ಬಿಟ್ಟರು. ಇದೇ ಕೊನೆ ಎಂದು ಗಿರಿಜಾಳನ್ನು ಕರೆದು ಹೇಳಿದರು. ರಾಯರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಮಾಲೆಯಲ್ಲಿದ್ದಾಗ ಅಷ್ಟು ದಿನ ಹೇಗೆ ಬಿಟ್ಟಿದ್ದ, ಅವನನ್ನೇ ಕೇಳಿ ಎಂದರು. ಏಕೆ ಎಂದು ಕೇಳಿ, ಬಂದ ಉತ್ತರಕ್ಕೂ ಏಕೆ ಎಂದು ಕೇಳಿ, ನಿಲ್ಲಿಸಬೇಡಿ ಎಂದು ಕಲಿಸಿದರು.

ನಾನು ನಂಜುಂಡನನ್ನು ಕೂರಿಸಿಕೊಂಡು ಕೇಳುತ್ತಾ ಹೋದೆ. ನಾಲ್ಕನೆಯ ಏಕೆಗೆ ಅವನು, "ಅಕ್ಕ, ನೀವು ಪೊಲೀಸ್ನೋರ ಕಡೆಯೋರಾ?" ಎಂದ. ಒಂದು ಲೋಟ ಮಜ್ಜಿಗೆ ಕೊಟ್ಟ ಮೇಲೆ ಹೇಳಿದ.

"ಮಾಲೇಲಿದ್ರೆ ಯಾರೂ ಬಾರ್ಲಾ ಅನ್ನಲ್ಲ ಅಕ್ಕ. ಸ್ವಾಮಿ ಅಂತಾರೆ. ಕರೆಂಟ್ ಹೋದ್ರೆ ಭಜ್ನೆ ಮನೇಲಿ ಹೋಗಿ ಕೂತ್ಕೊಳ್ತಿದ್ವಿ. ಈಗ ಕರೆಂಟ್ ಹೋದ್ರೆ ಎಲ್ ಕೂತ್ಕೊಳ್ಳಾನ?"

ಆ ವರ್ಷಗಳಲ್ಲಿ ಕರೆಂಟ್ ದಿನಾ ಮಧ್ಯಾಹ್ನ ಹೋಗುತ್ತಿತ್ತು. ಹೋದರೆ ಯಾವಾಗ ಬರುವುದೆಂದು ಹೇಳಲಾಗದು. ಮಗ್ಗಗಳು ಒಮ್ಮೆಲೇ ನಿಂತಾಗ ಬೀದಿಗೇ ಕಿವುಡು ಬಂದ ಹಾಗಾಗುತ್ತಿತ್ತು. ಶೆಡ್ಡಿನೊಳಗೆ ಕತ್ತಲು, ಸೆಖೆ. ಮನೆಗೆ ಹೋಗೋಣವೆಂದರೆ ಒಂದೇ ಕೋಣೆ, ಅದರ ತುಂಬ ಕಂಡಿಕೆ ಕೊಳವೆಗೆ ನೂಲು ಸುತ್ತುವ ಹೆಂಗಸರು. ಗಂಡಸು ಒಳಗೆ ಬಂದರೆ ಕಾಲಿಗೆ ನೂಲು ಸಿಕ್ಕುತ್ತದೆ ಎಂದು ಅವರೇ ಓಡಿಸುತ್ತಿದ್ದರು. ಬೀದಿಯಲ್ಲಿ ಬೆಂಚು ಇದ್ದದ್ದು ಒಂದೇ ಕಡೆ, ಹೊಂಗೆಮರದ ನೆರಳಲ್ಲಿ, ಸಾರಾಯಿ ಅಂಗಡಿಯ ಮುಂದೆ. ಸುಮ್ಮನೆ ಕೂರಲು ಅಂಗಡಿಯವನು ಬಿಡುತ್ತಿರಲಿಲ್ಲ. ಒಂದು ಪ್ಯಾಕೆಟ್ ತೆಗೆದುಕೊಳ್ಳಬೇಕು. ಕರೆಂಟ್ ಬಂದರೆ ಬಾಯಿ ಒರೆಸಿಕೊಂಡು ಓಡಿಬಂದು ಮಗ್ಗ ಹತ್ತುತ್ತಿದ್ದರು. ವಾಸನೆ ಮುಚ್ಚಲು ಹರಳುಪ್ಪು, ಈರುಳ್ಳಿ ಜಗಿಯುತ್ತಿದ್ದರು.

ಇಷ್ಟನ್ನು ತಿಳಿಯಲು ನಮಗೆ ವರ್ಷಗಳೇ ಹಿಡಿದವು. ಅಷ್ಟೂ ವರ್ಷ ನಾವು ಲಿವರಿನ ಚಿತ್ರ ತೋರಿಸುತ್ತಿದ್ದೆವು.

ಹಾಗಾದರೆ ಕೂರಲು ಜಾಗ ಮಾಡೋಣ ಎಂದರು ರಾಯರು. ನನಗೆ ತೋಚಿದ್ದು ಭಜನೆ. ಕರೆಂಟ್ ಹೋದ ತಕ್ಷಣ ಶೆಡ್ಡಿನ ಮುಂದೆ ಚಾಪೆ ಹಾಸಿ ತಾಳ ಕೊಟ್ಟೆ. ಮೊದಲ ದಿನ ಎಲ್ಲರೂ ಬಂದರು. ಎರಡನೆಯ ದಿನ ಹಾಡುವುದಕ್ಕೆ ಧೈರ್ಯ ಬರಲಿ ಎಂದು ಇಬ್ಬರು ಅಂಗಡಿಗೆ ಹೋಗಿಬಂದರು. ಮೂರನೆಯ ದಿನ ಅವರಿಬ್ಬರೇ ಎಲ್ಲರಿಗಿಂತ ಚೆನ್ನಾಗಿ ಹಾಡಿದರು. ಭಕ್ತಿಯಲ್ಲಿ ಏನೂ ಕೊರತೆಯಿರಲಿಲ್ಲ. ಭಜನೆ ನಿಲ್ಲಿಸಿದೆವು.

ಆಮೇಲೆ ಬೆಂಚು ಹಾಕಿಸಿ ಚಹಾ ತರಿಸಿದೆವು. ಚಹಾದಂಗಡಿ ಇದ್ದದ್ದು ಸಾರಾಯಿ ಅಂಗಡಿಯ ಪಕ್ಕ. ತರಲು ಹೋದವರು ಬೇಗ ಬರುತ್ತಿರಲಿಲ್ಲ. ಬಂದಾಗ ಚಹಾ ತಣ್ಣಗಾಗಿರುತ್ತಿತ್ತು, ಅವರು ಬೆಚ್ಚಗಿರುತ್ತಿದ್ದರು. ಆಮೇಲೆ ಗಿರಿಜಾ ತನ್ನ ಮನೆಯಲ್ಲೇ ಚಹಾ ಕಾಯಿಸಿದಳು. ಕುಡಿದು ಲೋಟ ಕೆಳಗಿಟ್ಟು ಎದ್ದು ಹೋದರು. ಪ್ರತಿ ಸಲವೂ ರಾಯರು, "ಸರಿ, ಇದು ಆಗಲ್ಲ ಅಂತ ಗೊತ್ತಾಯ್ತು. ಒಳ್ಳೇದೇ ಆಯ್ತು" ಎನ್ನುತ್ತಿದ್ದರು. ಸೋತದ್ದಕ್ಕೆ ಇಷ್ಟು ತೃಪ್ತಿಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಾರಿ ತೋರಿಸಿದ್ದು ಮುನಿಶಾಮಪ್ಪ, ಶೆಡ್ಡಿನ ಹಿರಿಯ ನೇಕಾರ. ಅವನಿಗೂ ದಾರಿ ತೋರಿಸುವ ಉದ್ದೇಶವಿರಲಿಲ್ಲ. ಬೇಸರವಾಗಿ ಚಪ್ಪಡಿ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಗೀಚಿ, ಹುಣಸೆ ಬೀಜವನ್ನು ಕುರಿ ಮಾಡಿ, ಕಲ್ಲನ್ನು ಹುಲಿ ಮಾಡಿ ಆಡಲು ಕೂತ. ನಂಜುಂಡ ಹುಲಿ ಹಿಡಿದ. ಉಳಿದವರು ಸುತ್ತ ನಿಂತು ಇಬ್ಬರಿಗೂ ಬುದ್ಧಿ ಹೇಳಿದರು. ಅವತ್ತು ಯಾರೂ ಏಳಲಿಲ್ಲ. ಕರೆಂಟ್ ಬಂದರೂ ಏಳಲಿಲ್ಲ. ರುದ್ರಪ್ಪನವರು ಬಂದು ನನ್ನ ಮುಂದೆ ಕೈಮುಗಿದು, "ಕುಡಿತ ಬಿಡ್ಸಿ ಅಂದ್ರೆ ಆಟ ಹಿಡಿಸಿದ್ರಲ್ಲಮ್ಮ. ಮಗ್ಗ ಯಾರು ನಡೆಸ್ಬೇಕು, ನಾನಾ?" ಎಂದರು.

ಅದಕ್ಕೆ ಒಂದು ಕಟ್ಟಳೆ ಮಾಡಿದೆವು. ಕರೆಂಟ್ ಬಂದ ಕೂಡಲೇ ಆಟ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಕಾಯಿ ಅಲುಗಾಡದಂತೆ ಮೇಲೆ ಒಂದು ಬಿದಿರಿನ ಮಂಕರಿ ಕವುಚಬೇಕು. ಮತ್ತೆ ಕರೆಂಟ್ ಹೋದಾಗ ಅಲ್ಲಿಂದಲೇ ಮುಂದುವರಿಸಬೇಕು. ಸರದಿ ಬಂದವನು ಬರದಿದ್ದರೆ ಸೋತ ಹಾಗೆ. ಮಾಡಿದ್ದು ಮಾಲೀಕರ ಬಾಯಿ ಮುಚ್ಚಿಸಲು. ಆಗಿದ್ದು ಬೇರೆ. ಅರ್ಧಕ್ಕೆ ನಿಂತ ಆಟ ಅವರ ತಲೆಯೊಳಗೆ ಓಡುತ್ತಲೇ ಇರುತ್ತಿತ್ತು. ಮಗ್ಗ ನಿಂತರೆ ಮೊದಲು ಓಡುತ್ತಿದ್ದುದು ಮಂಕರಿ ಎತ್ತಲು, ತಮ್ಮ ಹುಲಿಯನ್ನು ಯಾರಾದರೂ ಸರಿಸಿದ್ದಾರೆಯೇ ನೋಡಲು. ಜನ್ಮದಲ್ಲಿ ಮೊದಲ ಬಾರಿ ನಮ್ಮ ಬೀದಿಯಲ್ಲಿ ಕರೆಂಟ್ ಇನ್ನೂ ಯಾಕೆ ಹೋಗಲಿಲ್ಲ ಎಂದು ಬೇಸರ ಮಾಡಿಕೊಂಡವರನ್ನು ಕಂಡೆ.

ಗೋಡೆಯ ಮೇಲೆ ಚುಕ್ಕೆಗಳು ಮರಳಿದವು. ಈ ಸಲ ಪಂಚಾಂಗ ನೋಡಿದೆ. ಮಾಲೆ ಇರಲಿಲ್ಲ, ಶ್ರಾವಣವೂ ಇರಲಿಲ್ಲ. ಮೇಲಿನವರು ಕೇಳಿ ಸಂತೋಷಪಟ್ಟು ಹೊಸಕೋಟೆಯ ತರಕಾರಿ ಮಂಡಿಯ ಹತ್ತಿರವೂ ಹಾಗೇ ಬೆಂಚು, ಹುಲಿ-ಕುರಿ ಕಲ್ಲು ಹಾಕಿಸಿದರು. ಅಲ್ಲಿ ಮಗ್ಗವಿಲ್ಲ, ಕರೆಂಟಿಗೂ ಅವರ ಕುಡಿತಕ್ಕೂ ಸಂಬಂಧವಿಲ್ಲ. ಜನ ಬೆಂಚಿನ ಮೇಲೆ ಆರಾಮವಾಗಿ ಕೂತು ಕುಡಿದರು.

ನಂಜುಂಡ ಭಾನುವಾರ ಕುಡಿಯುತ್ತಿದ್ದ. ಅದು ನಮ್ಮ ಗುರಿಯೊಳಗಿರಲಿಲ್ಲ, ಗಿರಿಜಾಳೂ ದೂರಲಿಲ್ಲ. ಕೆಲಸದ ದಿನ ಮುಟ್ಟುತ್ತಿರಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ನಾನು, ರಾಯರು ಶೆಡ್ಡಿಗೆ ಹೋದಾಗ ಮಗ್ಗಗಳು ನಿಂತಿದ್ದವು, ಆಟ ನಡೆದಿತ್ತು, ನಂಜುಂಡ ಇರಲಿಲ್ಲ. ಊರಿನಿಂದ ಅವನ ಭಾವಮೈದ ಬಂದಿದ್ದ, ಜೊತೆಗೆ ಕರೆದುಕೊಂಡು ಹೋದ ಎಂದು ಮುನಿಶಾಮಪ್ಪ ಹೇಳಿದ. ಸ್ವಲ್ಪ ಹೊತ್ತಿಗೆ ನಂಜುಂಡ ಬಂದ. ನನ್ನ ಯಂತ್ರವನ್ನು ಉಪಯೋಗಿಸುವ ಅಗತ್ಯ ಬೀಳಲಿಲ್ಲ. ಗೋಡೆ ಹಿಡಿದುಕೊಂಡೇ ಬಂದು ಆಟದ ಪಕ್ಕ ಕುಸಿದು ಕೂತ. ಗಿರಿಜಾ ಬಾಗಿಲಿಂದ ನೋಡಿದಳು. ಒಳಗೆ ಹೋದಳು. ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಡುವ ಸದ್ದು ಕೇಳಿಸಿತು. ಹಳೆಯ ಸೀರೆ ಹಾಸಿ ಗಂಟು ಕಟ್ಟುತ್ತಿದ್ದಳು.

ಅಷ್ಟರಲ್ಲಿ ಕರೆಂಟ್ ಬಂತು. ಎಲ್ಲರೂ ಎದ್ದರು. ನಂಜುಂಡನೂ ಎದ್ದ. ಮೊದಲಾಗಿದ್ದರೆ ಈರುಳ್ಳಿ ಜಗಿದು ಮಗ್ಗ ಹತ್ತುತ್ತಿದ್ದ. ಅವತ್ತು ಶೆಡ್ಡಿನ ಹೊಸ್ತಿಲವರೆಗೆ ಹೋಗಿ, ನಿಂತು, ತಿರುಗಿ ಬಂದು ಬೆಂಚಿನ ಮೇಲೆ ಕೂತ. "ತಾತ, ನನ್ ಕೈ ನೆಟ್ಗಿಲ್ಲ. ನಾನಿಲ್ಲೇ ಇರ್ತೀನಿ" ಎಂದು ಮುನಿಶಾಮಪ್ಪನಿಗೆ ಹೇಳಿದ. ಒಂದೇ ಮಗ್ಗ ಸುಮ್ಮನಿದ್ದರೂ ಶೆಡ್ಡಿನ ಯಜಮಾನರಿಗೆ ಕೇಳಿಸುತ್ತದೆ. ರುದ್ರಪ್ಪನವರು ಮನೆಯಿಂದ ಇಳಿದು ಬಂದರು.

"ಕುಡ್ದವ್ನಾ?" ಎಂದು ಮುನಿಶಾಮಪ್ಪನನ್ನು ಕೇಳಿದರು.

"ಕುಡ್ದವ್ನೆ ಯಜಮಾನ್ರೆ. ಸುಳ್ಳ್ಯಾಕೆ. ಮಗ್ಗ ಮುಟ್ಟಿಲ್ಲ. ಅವನೇ ಬಂದು ಕೂತ."

ರುದ್ರಪ್ಪನವರು ಒಳಗೆ ಹೋಗಿ ನಂಜುಂಡನ ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ಬೆರಳಿನಲ್ಲಿ ಸವರಿದರು. ದೀಪದ ಕೆಳಗೆ ಬಾಗಿ ನೋಡಿದರು. ನಾನು ನನಗೆ ಗೊತ್ತಿರುವ ದೇವರುಗಳನ್ನೆಲ್ಲ ನೆನೆದೆ. ರಾಯರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಯಜಮಾನರು ಹೊರಗೆ ಬಂದು ನಂಜುಂಡನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ.

"ಇಷ್ಟು ವರ್ಷ ಕುಡ್ದೋರೆಲ್ಲ ಕುಡ್ದಿಲ್ಲ ಅಂತ ಮಗ್ಗ ಹತ್ತಿ ನನ್ ಸೀರೆ ಹಾಳ್ ಮಾಡಿದ್ರು," ಎಂದರು. "ಇವತ್ತಿನ ಕೂಲಿ ಇಲ್ಲ ಅನ್ನಿ ಅವನಿಗೆ. ಬೆಳಿಗ್ಗೆ ಸ್ನಾನ ಮಾಡ್ಕೊಂಡು ಬರ್ಲಿ. ಇನ್ಮೇಲೆ ಯಾರೇ ಆಗ್ಲಿ, ಕುಡುದ್ರೆ ಬೆಂಚಲ್ಲಿ ಕೂರ್ಬೇಕು. ಮಗ್ಗ ಹತ್ತಿದ್ರೆ ಮಾತ್ರ ಆಚೆಗೆ."

ಅವರು ಹೋದ ಮೇಲೆ ನಾನು ಸೀಮೆಸುಣ್ಣ ತೆಗೆದುಕೊಂಡೆ. ಗೋಡೆಯ ಮುಂದೆ ನಿಂತು ರಾಯರ ಮುಖ ನೋಡಿದೆ. ಚುಕ್ಕೆ ಇಡಲು ಕೈ ತುರಿಸುತ್ತಿತ್ತು. ಕುಡಿದಿದ್ದಾನಲ್ಲ, ಕತ್ತರಿ ಹಾಕಿ ಎಂದರು. ಹಾಕಿದೆ. ಅಷ್ಟು ದಿನದ ಚುಕ್ಕೆಗಳ ಕೊನೆಗೆ ಅದೊಂದೇ ಎದ್ದು ಕಾಣುತ್ತಿತ್ತು. ನಮ್ಮ ಲೆಕ್ಕದಲ್ಲಿ ಅವತ್ತು ಸೋತ ದಿನ. ಮೇಲಿನವರಿಗೂ ಹಾಗೆಂದೇ ಬರೆದು ಕಳಿಸಿದೆವು.

ಗಿರಿಜಾಳ ಕೋಣೆಗೆ ಹೋದೆ. ಅವಳು ಗಂಟಿನ ಮುಂದೆ ಕೂತಿದ್ದಳು, ರುದ್ರಪ್ಪನವರ ಮಾತು ಅವಳಿಗೂ ಕೇಳಿಸಿತ್ತು. ಕಣ್ಣು ಒರೆಸಿಕೊಂಡು, ರಾತ್ರಿಗೆ ಏನು ಅಡುಗೆ ಮಾಡುವುದು ಎಂದು ನನ್ನನ್ನೇ ಕೇಳಿದಳು. ಸಾರು ಮಾಡು, ಅಮಲು ಇಳಿಯಲು ಅವನಿಗೆ ಹುಳಿ ಬೇಕು ಎಂದೆ. ಇಬ್ಬರೂ ಸೇರಿ ಗಂಟು ಬಿಚ್ಚಿದೆವು. ಬಹಳ ಬಿಗಿಯಾಗಿ ಕಟ್ಟಿದ್ದಳು. ಕೈಯಲ್ಲಿ ಬಿಚ್ಚಲಾಗದೆ ಕೊನೆಗೆ ಅವಳು ಹಲ್ಲಿನಲ್ಲಿ ಬಿಚ್ಚಿದಳು. ಪಾತ್ರೆಗಳು ಒಂದೊಂದಾಗಿ ಗೂಡಿಗೆ ಹೋದವು, ಈಳಿಗೆಮಣೆ ಮೂಲೆಗೆ ಹೋಯಿತು. ಒಲೆ ಹೊತ್ತಿಸಿದಳು. ಹೊರಗೆ ಬೆಂಚಿನ ಮೇಲೆ ನಂಜುಂಡ ಗೊರಕೆ ಹೊಡೆಯುತ್ತಿದ್ದ. ಸಾರು ಕುದಿಯುವವರೆಗೆ ಎಬ್ಬಿಸುವುದು ಬೇಡ ಎಂದಳು.